ಜಪಾನ್ ಗಿಡದ ಪಿಳ್ಳಮ್ಮ

ಸಂಕ್ರಾಂತಿ ಕಳೆದ ಮೂರನೇ ದಿನ ಪಾಪಯ್ಯನ ಕೆಲಸ ಪರ್ಮನೆಂಟ್ ಆದ ಕಾಗದ ಬಂತು. ಆ ಸಂಜೆ ಮನೆಯಲ್ಲಿ ಹಿತಕಿದ ಅವರೆಬೇಳೆ ಸಾರು, ಬಿಸಿ ಮುದ್ದೆ. ಸೊಸೆ ಮುನಿರತ್ನಮ್ಮ ಗಂಡನ ತಟ್ಟೆಗೆ ಎರಡನೇ ಮುದ್ದೆ ಇಟ್ಟು, ಅದರ ನೆತ್ತಿಯ ಮೇಲೆ ಒಂದು ಚಮಚ ತುಪ್ಪ ಬಿಟ್ಟಳು. ಪಾಪಯ್ಯ ಮುದ್ದೆ ಮುರಿಯುತ್ತಾ, ಯಾರ ಮುಖವನ್ನೂ ನೋಡದೆ, "ಅಮ್ಮಾ, ನಾಳೆಯಿಂದ ನೀನು ಫ್ಯಾಕ್ಟರಿ ಕೆಲಸಕ್ಕೆ ಬರಬ್ಯಾಡ" ಎಂದ.

ಪಿಳ್ಳಮ್ಮ ಒಲೆಯ ಪಕ್ಕ ಕೂತು ಅವರೆಸಿಪ್ಪೆಯನ್ನು ಹಸುವಿಗೆಂದು ಮಂಕರಿಗೆ ತುಂಬುತ್ತಿದ್ದಳು. ಹೊಸೂರು ಪಕ್ಕದ ಮೂಕಂಡಪಲ್ಲಿಯ ಆ ಫ್ಯಾಕ್ಟರಿಗೆ ಈ ಮನೆಯಿಂದ ಮೊದಲು ಹೋದವಳೇ ಅವಳು. ಐದು ವರ್ಷದ ಹಿಂದೆ ಅಲ್ಲಿನ ಗೆಸ್ಟ್‌ಹೌಸಿನ ತೋಟಕ್ಕೆ ಗುಂಡಿ ತೆಗೆಯಲು ಹೆಣ್ಣಾಳು ಬೇಕೆಂದಾಗ ಹೋದವಳು ಅಲ್ಲೇ ನಿಂತಿದ್ದಳು. ಉದ್ದನಪಲ್ಲಿಯಿಂದ ಎರಡು ಮೈಲಿ ಒಳಗಿದ್ದ ತಮ್ಮ ಹಳ್ಳಿಯಿಂದ ದಿನಾ ನಡೆದು ಬಂದು, ಏಳು ಗಂಟೆಯ ಬಸ್ಸು ಹಿಡಿಯುತ್ತಿದ್ದಳು. ನನ್ನ ಮಗನಿಗೂ ಒಂದು ಕೆಲಸ ಕೊಡಿಸಿ ಎಂದು ದೊಡ್ಡ ಮ್ಯಾನೇಜರ ಹೆಂಡತಿಯನ್ನು ಕೇಳಿದವಳೂ ಅವಳೇ.

"ಯಾಕ್ಲಾ?" ಎಂದಳು.

"ನಾನೀಗ ಪರ್ಮನೆಂಟು. ಕಾಕಿ ಬಟ್ಟೆ ಕೊಟ್ಟವ್ರೆ, ಹೆಸ್ರಿರೋ ಬ್ಯಾಡ್ಜು ಕೊಟ್ಟವ್ರೆ. ನಾನು ಒಳಗೆ ಮಿಷಿನ್ ಮುಂದೆ ನಿಂತಿರೋವಾಗ ನೀನು ಹೊರಗೆ ಗೊಬ್ಬರದ ಮಂಕರಿ ಹೊತ್ಕೊಂಡು ಓಡಾಡಿದ್ರೆ ಏನ್ ಚೆಂದ?"

ಪಿಳ್ಳಮ್ಮನ ಗಂಡ ದೊಡ್ಡಣ್ಣ ಮಾತು ಕಡಿಮೆಯ ಮನುಷ್ಯ. ಎರಡೆಕರೆ ಟೊಮೇಟೊ, ಒಂದಿಷ್ಟು ರಾಗಿ, ಒಂದು ಸಿಹಿನೀರಿನ ಬಾವಿ, ಇವಿಷ್ಟೇ ಅವನ ಲೋಕ. ಅವನು ಮಗನನ್ನೊಮ್ಮೆ, ಹೆಂಡತಿಯನ್ನೊಮ್ಮೆ ನೋಡಿ ಸಾರಿನ ಬಟ್ಟಲಿಗೆ ಕೈ ಹಾಕಿದ.

"ಬಿಡ್ತೀನಿ ಕಣ್ಲಾ," ಎಂದಳು ಪಿಳ್ಳಮ್ಮ. "ಜಪಾನ್ ಗಿಡ ಒಂದ್ಸಲ ಚಿಗುರ್ಲಿ. ಆಮೇಲೆ ಬಿಡ್ತೀನಿ."

ಆ ಒಣಕಡ್ಡಿಗಳಾ ಎಂದು ಪಾಪಯ್ಯ ನಕ್ಕ. ಮುನಿರತ್ನಮ್ಮನೂ ಸೆರಗು ಅಡ್ಡ ಹಿಡಿದು ನಕ್ಕಳು. ಪಿಳ್ಳಮ್ಮ ಮಂಕರಿ ಎತ್ತಿಕೊಂಡು ಕೊಟ್ಟಿಗೆಗೆ ಹೋದಳು.

ಜಪಾನ್ ಗಿಡ ಅಂದರೆ ಏಳು ಕುಂಡಗಳಲ್ಲಿದ್ದ ಮೇಪಲ್ ಗಿಡಗಳು. ಎರಡು ವರ್ಷದ ಹಿಂದೆ ಮ್ಯಾನೇಜರ ಹೆಂಡತಿ ಡಾರ್ಜಿಲಿಂಗ್ ಕಡೆಯಿಂದ ಮರದ ಪೆಟ್ಟಿಗೆಯಲ್ಲಿ, ಹಸಿ ಪಾಚಿ ಸುತ್ತಿ ತರಿಸಿದ್ದರು. ಒಂದೊಂದರ ಕೊರಳಿಗೂ ತಗಡಿನ ಚೀಟಿ, ಅದರ ಮೇಲೆ ಉದ್ದುದ್ದ ಇಂಗ್ಲಿಷ್ ಹೆಸರು. ಆ ಹೆಸರುಗಳು ಪಿಳ್ಳಮ್ಮನ ನಾಲಿಗೆಗೆ ಒಗ್ಗಲಿಲ್ಲ. ತನಗೆ ಬೇಕಾದಂತೆ ಕರೆದಳು. ಐದು ಬೆರಳು ಬಿಡಿಸಿದಂಥ ಹಸಿರೆಲೆಯವು ಮೂರಿದ್ದವು, ಅವು ಹಸಿರಂಗೈ. ಚಿಗುರಿನಿಂದಲೇ ಕಡುಕೆಂಪಾಗಿದ್ದ ಎರಡು ಕುಂಕುಮ. ಎಲೆ ಉದುರಿದ ಮೇಲೆ ಕಡ್ಡಿಯೇ ಕೆಂಪಗೆ ಹೊಳೆಯುವುದೊಂದಿತ್ತು, ಅದು ಹವಳ. ಇನ್ನೊಂದರ ಎಲೆಯಂತೂ ಎಲೆಯೇ ಅಲ್ಲ, ಕತ್ತರಿಯಲ್ಲಿ ಎಳೆಎಳೆಯಾಗಿ ಕತ್ತರಿಸಿ ನೇತು ಬಿಟ್ಟಂತೆ. ಅದಕ್ಕೆ ಜಾಲರಿ ಅಂದಳು. ಮ್ಯಾನೇಜರ ಹೆಂಡತಿಯೂ ಕೊನೆಕೊನೆಗೆ ತಗಡಿನ ಚೀಟಿ ಮರೆತು ಜಾಲರಿ, ಹವಳ ಎಂದೇ ಕರೆಯುತ್ತಿದ್ದರು.

ಮೊದಲ ಬೇಸಗೆಯಲ್ಲಿ ಏಳೂ ಗಿಡಗಳ ಎಲೆಯಂಚು ಬೀಡಿ ತಾಗಿಸಿದಂತೆ ಸುಟ್ಟುಹೋಯಿತು. ಬಿಟ್ಟುಬಿಡು, ಇವು ಈ ಊರಿಗಲ್ಲ ಎಂದು ಮ್ಯಾನೇಜರ ಹೆಂಡತಿ ಕೈಚೆಲ್ಲಿದರು. ಪಿಳ್ಳಮ್ಮ ಬಿಡಲಿಲ್ಲ. ಕುಂಡದ ಬಾಯಿಗೆ ಉಪ್ಪು ಮೆತ್ತಿದಂತೆ ಬೆಳ್ಳಗೆ ಕಟ್ಟಿದ್ದನ್ನು ನೋಡಿ, ಇದು ಬೋರ್ ನೀರಿನ ಕೆಲಸ ಎಂದು ಗುರುತಿಸಿದಳು. ಅವತ್ತಿನಿಂದ ಬೇಲಿಯಾಚೆ ತೋಪಿನ ಬಾವಿಯಿಂದ ದಿನಕ್ಕೆ ನಾಲ್ಕು ಬಿಂದಿಗೆ ಹೊತ್ತಳು. ಬೆಳಗಿನ ಹತ್ತರವರೆಗೆ ಎಳೆಬಿಸಿಲು, ಆಮೇಲೆ ನೆರಳು ಬೀಳುವ ಗೋಡೆ ಹುಡುಕಿ ಕುಂಡಗಳನ್ನು ಅಲ್ಲಿಗೆ ಸಾಗಿಸಿದಳು. ಕೊಳೆತ ಎಲೆಗೊಬ್ಬರಕ್ಕೆ ಅರ್ಧ ಮರಳು ಬೆರೆಸಿ ಮಣ್ಣು ಬದಲಿಸಿದಳು. ಮುಂದಿನ ಬೇಸಗೆಗೆ ಹತ್ತರಲ್ಲಿ ಒಂದೆಲೆ ಸುಟ್ಟಿದ್ದರೆ ಹೆಚ್ಚು. ಕಾರ್ತಿಕದ ಚಳಿಗೆ ಕುಂಕುಮದ ಗಿಡ ಕೆಂಡದ ಹಾಗೆ ಉರಿದು ನಿಂತಾಗ ಗೆಸ್ಟ್‌ಹೌಸಿಗೆ ಬಂದವರೆಲ್ಲ ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಂಡರು.

ಅದೇ ತಿಂಗಳು ಮ್ಯಾನೇಜರಿಗೆ ಬೊಂಬಾಯಿಗೆ ವರ್ಗವಾಯಿತು. ಹೊರಡುವಾಗ ಅವರ ಹೆಂಡತಿ, ಅಲ್ಲಿನ ಸೆಕೆಗೆ ಇವು ಉಳಿಯೋದಿಲ್ಲ, ನಿನಗೇ ಬಿಟ್ಟೆ ಪಿಳ್ಳಮ್ಮ ಎಂದರು. ಮಾತಿನಲ್ಲಿ ಬಿಟ್ಟರು, ಕಾಗದದಲ್ಲಿ ಬಿಡಲಿಲ್ಲ. ಡಿಸೆಂಬರಿನಲ್ಲಿ ಎಲೆ ಉದುರಿ, ಏಳು ಕುಂಡದಲ್ಲಿ ಏಳು ಬೋಳು ಕಡ್ಡಿ ಉಳಿದವು.

ಊಟದ ಮುಂದೆ ಆ ಮಾತಾಗಿ ಒಂದು ವಾರ ಕಳೆದಿರಬೇಕು. ಪಿಳ್ಳಮ್ಮ ಗೆಸ್ಟ್‌ಹೌಸಿನ ದಾರಿಯಂಚಿನಲ್ಲಿ ಕೂತು ಹುಲ್ಲು ಕೀಳುತ್ತಿದ್ದಳು. ಕ್ಯಾಂಟೀನ್ ಕಡೆಯಿಂದ ಪಾಪಯ್ಯ ತನ್ನ ಹೊಸ ಫೋರ್‌ಮನ್ ಜೊತೆ ಬಂದ. ಕಾಕಿ ಬಟ್ಟೆ ಇಸ್ತ್ರಿಯಾಗಿತ್ತು. ಮಗನನ್ನು ಆ ಬಟ್ಟೆಯಲ್ಲಿ ಹಗಲು ಬೆಳಕಿನಲ್ಲಿ ಅವಳು ನೋಡಿದ್ದು ಅದೇ ಮೊದಲು. ಕೈ ನಿಲ್ಲಿಸಿ ಕಣ್ತುಂಬ ನೋಡಿದಳು. ಫೋರ್‌ಮನ್ ಅದನ್ನು ಗಮನಿಸಿ, ಈಯಮ್ಮ ನಿನಗೆ ಗೊತ್ತಾ ಎಂದು ತಮಿಳಿನಲ್ಲಿ ಕೇಳಿದ.

"ನಮ್ಮೂರೋಳು ಸಾರ್," ಎಂದ ಪಾಪಯ್ಯ.

ಇಬ್ಬರೂ ನಡೆದುಹೋದರು. ಪಿಳ್ಳಮ್ಮ ಉಳಿದ ಹುಲ್ಲು ಕಿತ್ತಳು. ಬುಡ ಸಮೇತ ಬಾರದ ಗರಿಕೆಯನ್ನು ಕುಡುಗೋಲಿನ ತುದಿ ಹಾಕಿ ಎಬ್ಬಿಸಿದಳು. ಸಂಜೆ ಮನೆಗೆ ಬಂದು ಯಾವತ್ತಿನಂತೆ ಹಸು ಕರೆದಳು, ಮಗ ಬಂದಾಗ ಕಾಲು ತೊಳೆಯಲು ನೀರಿಟ್ಟಳು.

ಫೆಬ್ರವರಿ ಮೊದಲ ವಾರ ಹೊಸ ಮ್ಯಾನೇಜರು ಬರುವುದಿತ್ತು. ಅವರು ಬರುವುದರೊಳಗೆ ಒಣಗಿದ್ದೆಲ್ಲ ಕಿತ್ತು ಬಣ್ಣಬಣ್ಣದ ಕ್ರೋಟನ್ ಇಡಬೇಕೆಂದು ತೋಟದ ಸೂಪರ್‌ವೈಸರಿಗೆ ಅಪ್ಪಣೆಯಾಯಿತು. ಅವನು ಏಳು ಕುಂಡಗಳನ್ನೂ ತೋರಿಸಿ ಗುಂಡಿಗೆ ಸುರಿ ಎಂದ. ಪಿಳ್ಳಮ್ಮ ಹವಳದ ಕಡ್ಡಿಯನ್ನು ಉಗುರಿನಿಂದ ಗೀರಿ, ಸಿಪ್ಪೆಯ ಕೆಳಗಿನ ಹಸಿರು ತೋರಿಸಿದಳು. ಅವನಿಗೆ ಹಸಿರೂ ಬೇಡ, ಕೆಂಪೂ ಬೇಡ. ಸೋಮವಾರಕ್ಕೆ ಜಾಗ ಖಾಲಿಯಾಗಿದ್ದರೆ ಸಾಕಿತ್ತು. ಬೇಕಾದರೆ ಮನೆಗೆ ತಗೊಂಡು ಹೋಗು, ಆದರೆ ಗೇಟಿನವನಿಗೆ ನಾನು ಹೇಳುವುದಿಲ್ಲ ಎಂದ.

ರಾತ್ರಿ ಊಟಕ್ಕೆ ಕೂತಾಗ ಇದನ್ನು ಕೇಳಿ ಪಾಪಯ್ಯ ತಟ್ಟೆ ಬಿಟ್ಟು ಎದ್ದೇಬಿಟ್ಟ.

"ಅಲ್ಲಿ ಕಸಾನೂ ಕಂಪನೀದೇ ಅಮ್ಮಾ. ಗೇಟ್ ಪಾಸ್ ಇಲ್ದೆ ಒಂದು ಮೊಳೆ ದಾಟಿಸಿದ್ರೂ ಕಳ್ತನ. ನಂಗೆ ಕಾಗದ ಬಂದು ತಿಂಗಳು ಆಗಿಲ್ಲ. ಏಳು ಕಡ್ಡಿಗೋಸ್ಕರ ನನ್ ಕೆಲಸ ಕಳೀತೀಯಾ?"

"ಪಾಸ್ ಬರೆಸ್ಕೊಂಡೇ ದಾಟಿಸ್ತೀನಿ."

"ನಿಂಗ್ಯಾರು ಬರ್ಕೊಡ್ತಾರೆ?"

"ಕೇಳಿದ್ರೆ ತಾನೆ ಗೊತ್ತಾಗೋದು."

ಮೂರು ದಿನ ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಪಿಳ್ಳಮ್ಮ ಆಫೀಸಿನ ಹೊರಗಿನ ಬೆಂಚಿನ ಮೇಲೆ ಕೂತಳು. ರಾಗಿರೊಟ್ಟಿಯನ್ನು ಅಲ್ಲೇ ಬಿಚ್ಚಿ ತಿಂದಳು. ಮೂರನೇ ದಿನ ಪಾಸ್ ಬರೆಯುವ ಆಫೀಸರು ಒಳಗೆ ಕರೆದರು. ಅವಳು ಹೇಳಿದ್ದೆಲ್ಲ ಕೇಳಿ, ಗಿಡ ಸತ್ತಿದ್ದರೆ ನಿನಗೆ ಯಾಕೆ, ಬದುಕಿದ್ದರೆ ಅದು ಕಸ ಹೇಗಾಗುತ್ತೆ, ಪಾಸ್ ಹೇಗೆ ಕೊಡಲಿ ಎಂದು ಪಟ್ಟು ಹಿಡಿದರು.

ಪಿಳ್ಳಮ್ಮ ಹೇಳಿದಳು: "ನಿಮ್ಗೆ ಸತ್ತದ್ದು ಸಾರ್. ನಂಗೆ ಬದುಕಿರೋದು."

ಅವರು ಪಾಸಿನ ಪುಸ್ತಕ ಬಿಚ್ಚಿದರು. ಒಣಗಿದ ಗಿಡ ಏಳು, ಮಣ್ಣಿನ ಕುಂಡ ಸಮೇತ, ಎಂದು ಬರೆದು ಸೀಲು ಒತ್ತಿದರು. ಪಿಳ್ಳಮ್ಮ ಮೂರನೇ ಕ್ಲಾಸಿನಲ್ಲಿ ಕಲಿತ ತಮಿಳು ಅಕ್ಷರದಲ್ಲಿ ತನ್ನ ಹೆಸರು ಬರೆದಳು. ಅದೇ ದಿನ ವಾರದ ಕೂಲಿ ತೆಗೆದುಕೊಂಡು, ಸೂಪರ್‌ವೈಸರಿಗೆ ಇನ್ನು ಬರುವುದಿಲ್ಲವೆಂದು ಹೇಳಿದಳು.

ಹೊಸೂರು ಮಾರ್ಕೆಟ್ಟಿಗೆ ಟೊಮೇಟೊ ಹಾಕಿ ಖಾಲಿ ವಾಪಸಾಗುತ್ತಿದ್ದ ತಮ್ಮೂರಿನ ವೆಂಕಟರಾಮಪ್ಪನ ವ್ಯಾನಿನಲ್ಲಿ, ಖಾಲಿ ಬುಟ್ಟಿಗಳ ನಡುವೆ ಏಳು ಕುಂಡಗಳು ಊರಿಗೆ ಬಂದವು. ದಾರಿಯ ಕುಲುಕಾಟಕ್ಕೆ ಜಾಲರಿಯ ಕುಂಡ ಸೀಳಿ ಎರಡಾಗಿತ್ತು.

ಮನೆಯ ಉತ್ತರದ ಗೋಡೆಯ ಪಕ್ಕ ಒಂದು ಹೊಂಗೆಮರವಿತ್ತು. ಆ ನೆರಳೇ ಸರಿಯಾದ ಜಾಗವೆಂದು ಪಿಳ್ಳಮ್ಮ ಅಲ್ಲಿ ಕುಂಡಗಳನ್ನು ಸಾಲಾಗಿ ಇಟ್ಟಳು. ಮುನಿರತ್ನಮ್ಮ ಪಾತ್ರೆ ತಿಕ್ಕುವುದನ್ನು ನಿಲ್ಲಿಸಿ ಎದ್ದು ಬಂದಳು.

"ಅತ್ತೆ, ಅಲ್ಲಿ ಬಚ್ಚಲು ಕಟ್ಟಿಸ್ತೀನಿ ಅಂತ ಇವ್ರು ಹೇಳವ್ರೆ."

ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ಮದುವೆಯಾಗಿ ಬಂದು ಒಂದೂವರೆ ವರ್ಷ, ತೆಂಗಿನಗರಿಯ ಮರೆಯಲ್ಲಿ ಕತ್ತಲಿರುವಾಗಲೇ ಸ್ನಾನ ಮಾಡುತ್ತಿದ್ದಳು. ಈಗ ಮೂರು ತಿಂಗಳ ಬಸುರಿ. ಪಿಳ್ಳಮ್ಮನಿಗೆ ಅದು ಗೊತ್ತಿಲ್ಲದ್ದೇನಲ್ಲ. ಗಾರೆಯವರು ಬರುವ ಹಿಂದಿನ ದಿನ ಹೇಳು ತಾಯಿ, ನಾನೇ ಎತ್ತಿಡ್ತೀನಿ ಎಂದಳು. ಮುನಿರತ್ನಮ್ಮ ಹೂಂ ಅಂದಳೇ ಹೊರತು ಮುಖದ ಬಿಗಿ ಸಡಿಲಿಸಲಿಲ್ಲ. ಎರಡೇ ದಿನದಲ್ಲಿ ಬೀದಿಯ ಹೆಂಗಸರ ಮಾತು ತಂದು ಹಾಕಿದಳು: ಪಿಳ್ಳಮ್ಮ ಸೌದೆಗೆ ನೀರು ಹಾಕ್ತಾಳಂತೆ.

ಪಿಳ್ಳಮ್ಮ ಒಡೆದ ಕುಂಡದಿಂದ ಜಾಲರಿಯನ್ನು ಬಿಡಿಸಿ ಬೇರಿನ ಮಣ್ಣು ಕೊಡವಿದಳು. ಬೇರು ಅರ್ಧಕ್ಕರ್ಧ ಕರ್ರಗೆ ಕೊಳೆತಿತ್ತು. ಎಳೆದರೆ ಸಿಪ್ಪೆ ಕೈಗೇ ಬರುತ್ತಿತ್ತು. ಅವಳು ಗೆಸ್ಟ್‌ಹೌಸಿನಿಂದ ದೂರವಿದ್ದ ಎರಡು ಭಾನುವಾರ ಯಾರೋ ಸುಮ್ಮನೆ ಪೈಪು ಬಿಟ್ಟು ನೀರು ನಿಲ್ಲಿಸಿದ್ದಿರಬೇಕು. ಕೊಳೆತದ್ದನ್ನು ಕತ್ತರಿಸಿ, ಹೆಚ್ಚು ಮರಳಿನ ಮಣ್ಣಿಗೆ ಹಾಕಿದಳು. ಇಷ್ಟು ಬೇರಿನ ಮೇಲೆ ಈ ಗಿಡ ಒಂದು ಬೇಸಗೆಯನ್ನೂ ದಾಟುವುದಿಲ್ಲವೆಂದು ಅವಳಿಗೆ ಗೊತ್ತಾಗಿಹೋಗಿತ್ತು.

ಪಿಳ್ಳಮ್ಮನ ತವರು ಕೃಷ್ಣಗಿರಿಯ ಆಚೆ, ಮಾವಿನ ಕಸಿ ಕಟ್ಟುವ ಊರು. ಅವಳಪ್ಪ ಸಾಯುವವರೆಗೂ ಅದೇ ಕೆಲಸ ಮಾಡಿದವನು. ಹುಳಿಮಾವಿನ ಸಸಿಯನ್ನು ಒಳ್ಳೆ ಮರದ ಕೊಂಬೆಯ ಪಕ್ಕಕ್ಕೆ ತಂದು, ಎರಡರ ಸಿಪ್ಪೆಯನ್ನೂ ಒಂದಂಗುಲ ಕೆತ್ತಿ, ಗಾಯಕ್ಕೆ ಗಾಯ ಸೇರಿಸಿ ಕಟ್ಟಿ, ಎರಡೂ ಒಂದಾದ ಮೇಲೆ ಕೊಂಬೆಯನ್ನು ಅದರ ಮರದಿಂದ ಕತ್ತರಿಸುವುದು. ಮದುವೆಗೆ ಮುಂಚೆ ಅವಳೂ ನೂರಾರು ಕಟ್ಟಿದ್ದಳು. ಮಾವಿಗೆ ಆದದ್ದು ಇದಕ್ಕೆ ಯಾಕಾಗಬಾರದು ಎಂದು ಮೂರು ದಿನ ಯೋಚಿಸಿದಳು. ಶಿವರಾತ್ರಿ ಮುಗಿದು ಕಡ್ಡಿಗಳ ಗಿಣ್ಣಿನಲ್ಲಿ ಸಾಸಿವೆಯಷ್ಟು ಕೆಂಪು ಮೊಗ್ಗು ಕಂಡ ದಿನ, ಗಟ್ಟಿಮುಟ್ಟಾದ ಒಂದು ಹಸಿರಂಗೈ ಕುಂಡವನ್ನು ಜಾಲರಿಯ ಪಕ್ಕಕ್ಕೆ ಎಳೆದಳು.

ಎರಡು ಕಡ್ಡಿಗಳನ್ನು ಒತ್ತಿ ಹಿಡಿಯಲು ಒಂದು ಕೈ, ಸುತ್ತಲು ಎರಡು ಕೈ. ಒಬ್ಬಳಿಂದ ಆಗಲಿಲ್ಲ. ಎರಡು ಸಲ ಜಾರಿತು. ಜಗಲಿಯ ಮೇಲೆ ಅಕ್ಕಿ ಆರಿಸುತ್ತಿದ್ದ ಮುನಿರತ್ನಮ್ಮ ನೋಡುವಷ್ಟು ನೋಡಿ, ಮೊರ ಕೆಳಗಿಟ್ಟು ಬಂದು ಎದುರಿಗೆ ಕೂತಳು.

"ಎಲ್ಲಿ ಹಿಡೀಲಿ?"

"ಇಲ್ಲಿ. ಬಿಗಿಯಾಗಿ. ಅಲುಗ್ಬಾರ್ದು."

ಕಟ್ಟಲು ಬಾಳೆನಾರು ಒರಟಾಯಿತು. ಮುನಿರತ್ನಮ್ಮ ತನ್ನ ಹಳೆಯ ವಾಯಿಲ್ ಸೀರೆಯ ಅಂಚು ಹರಿದು ತಂದುಕೊಟ್ಟಳು. ಸುತ್ತಿ, ಮೇಲೆ ಸಗಣಿ ಬೆರೆಸಿದ ಜೇಡಿಮಣ್ಣು ಮೆತ್ತಿದರು. ಎಷ್ಟು ದಿನಕ್ಕೆ ಗೊತ್ತಾಗುತ್ತೆ ಎಂದು ಸೊಸೆ ಕೇಳಿದಳು. ಮಾವಾದರೆ ಮೂರು ತಿಂಗಳು, ಇದು ಯಾರಿಗೆ ಗೊತ್ತು ಎಂದಳು ಅತ್ತೆ. ಅವತ್ತಿನಿಂದ ಮುನಿರತ್ನಮ್ಮ ಬೆಳಿಗ್ಗೆ ಎದ್ದವಳು ಒಮ್ಮೆ ಆ ಗಂಟನ್ನು ನೋಡಿಯೇ ಒಲೆ ಹಚ್ಚುತ್ತಿದ್ದಳು.

ಮಾರ್ಚ್ ನಡುವಿಗೆ ಏಳೂ ಗಿಡ ಚಿಗುರಿದವು. ಜಾಲರಿಯೂ ತನ್ನ ಅರ್ಧ ಬೇರಿನ ಬಲದಲ್ಲಿ ಮೆಲ್ಲಗೆ ನಾಲ್ಕೆಲೆ ಬಿಟ್ಟಿತು. ಸೌದೆ ಎಂದಿದ್ದ ಹೆಂಗಸರು ನೀರಿಗೆ ಹೋಗುವಾಗ ಗೋಡೆಯ ಮೇಲಿಂದ ಇಣುಕಿ ನೋಡಿದರು. ಅದೇ ಹೊತ್ತಿಗೆ ತವರಿನಲ್ಲಿ ತಮ್ಮನ ಮಗಳ ಮದುವೆ ಬಂತು. ಪಿಳ್ಳಮ್ಮ ಗಂಡನನ್ನು ಕರೆದುಕೊಂಡು ಎರಡು ದಿನ ಹೋಗಿಬಂದಳು.

ವಾಪಸು ಬಂದವಳು ಬಸ್ಸಿನ ದೂಳು ಕೂಡ ಕೊಡವದೆ ಹಿತ್ತಲಿಗೆ ಹೋದಳು. ಉತ್ತರದ ಗೋಡೆಯ ಪಕ್ಕ ಪಾಯ ತೋಡಿ ಕಲ್ಲು ಹಾಕಿತ್ತು. ಕುಂಡಗಳು ಪಡುವಣದ ಬಯಲಿನಲ್ಲಿದ್ದವು. ಎರಡು ಮಧ್ಯಾಹ್ನದ ಬಿಸಿಲಿಗೆ ಐದು ಗಿಡಗಳ ಎಳೆ ಎಲೆ ಹಪ್ಪಳವಾಗಿ, ಮುಟ್ಟಿದರೆ ಪುಡಿಯಾಗುತ್ತಿತ್ತು. ಕಸಿ ಕಟ್ಟಿದ ಜೋಡಿ ಮಾತ್ರ ಅಲ್ಲಿರಲಿಲ್ಲ. ಅದು ಕೊಟ್ಟಿಗೆಯೊಳಗೆ, ಒದ್ದೆ ಗೋಣಿಚೀಲದ ಮರೆಯಲ್ಲಿತ್ತು. ಅದನ್ನು ಮುಟ್ಟಬೇಡಿ ಎಂದು ಮುನಿರತ್ನಮ್ಮ ಗಂಡನಿಗೆ ಅಡ್ಡ ನಿಂತು, ಗಾರೆಯವರಿಬ್ಬರ ಕೈಯಲ್ಲಿ ಎರಡು ಕುಂಡವನ್ನೂ ಒಟ್ಟಿಗೆ ಅಲುಗದಂತೆ ಒಳಗೆ ಸೇರಿಸಿದ್ದಳಂತೆ. ಮಿಕ್ಕ ಐದನ್ನು ನೆರಳಿಗೆ ಎಳೆಯಲು ಬಸುರಿ ಕೈಯಲ್ಲಿ ಆಗಲಿಲ್ಲವೆಂದು ತಲೆ ತಗ್ಗಿಸಿ ಹೇಳಿದಳು.

ಪಾಪಯ್ಯ ಫ್ಯಾಕ್ಟರಿಯಿಂದ ಬಂದು ಸೈಕಲ್ ನಿಲ್ಲಿಸುವುದಕ್ಕೂ ಪಿಳ್ಳಮ್ಮ ಹಿತ್ತಲಿಂದ ಬರುವುದಕ್ಕೂ ಸರಿಹೋಯಿತು.

"ಯಾಕ್ಲಾ ಎತ್ತಿಟ್ಟೆ?"

"ಗಾರೆಯವ್ರು ಒಂದಿನ ಮುಂಚೇನೇ ಬಂದ್ಬುಟ್ರು. ಗಿಡಕ್ಕೋಸ್ಕರ ವಾಪಸ್ ಕಳಿಸ್ಲಾ? ಈ ಮನೇಲಿ ಗಿಡ ಹೆಚ್ಚಾ, ಮನುಷ್ರು ಹೆಚ್ಚಾ?"

"ಬಚ್ಚಲು ಬ್ಯಾಡ ಅಂದ್ನಾ ನಾನು? ಮೂಡ್ಲ ಗೋಡೆಗೆ ಇಟ್ಟಿದ್ರೆ ಆಗ್ತಿರ್ಲಿಲ್ವಾ? ಹತ್ತು ಹೆಜ್ಜೆ."

"ನಂಗೇನು ಗೊತ್ತು ಅದರ ಮೂಡ್ಲು ಪಡುವ್ಲು? ಊರೆಲ್ಲ ನಗ್ತದೆ. ಫ್ಯಾಕ್ಟರೀಲೂ ಬಿಡಾಕಿಲ್ಲ. ನಿಮ್ಮಮ್ಮ ಒಣಕಡ್ಡಿಗೆ ಗೇಟ್ ಪಾಸ್ ಬರೆಸ್ಕೊಂಡ್ಳಂತೆ ಅಂತ ಕ್ಯಾಂಟೀನಲ್ಲಿ ಕೇಳ್ತಾರೆ."

ಪಿಳ್ಳಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡಳು. ದನಿ ಏರಿಸಲಿಲ್ಲ.

"ನಿಮ್ಮಮ್ಮ ಅಂತ ಅವ್ರಿಗೆ ಹೆಂಗ್ ಗೊತ್ತಾಯ್ತು? ನೀನು ನಮ್ಮೂರೋಳು ಅಂದಿದ್ಯಲ್ಲ."

ಒಳಗಿನಿಂದ ಬರುತ್ತಿದ್ದ ದೊಡ್ಡಣ್ಣ ಬಾಗಿಲಲ್ಲೇ ನಿಂತ. ಏನದು ಎಂದು ಕೇಳಿದ. ಮುನಿರತ್ನಮ್ಮ ಗಂಡನ ಮುಖ ನೋಡಿ, ಅರ್ಥವಾದವಳಂತೆ ಅವನಿಗೆಂದು ತಂದ ಕಾಫಿ ಲೋಟವನ್ನು ಜಗಲಿಯ ಮೇಲಿಟ್ಟು ಒಳಗೆ ಹೋದಳು. ಪಾಪಯ್ಯ ಆ ಕಾಫಿ ಕುಡಿಯಲಿಲ್ಲ. ಸೈಕಲ್ ತಿರುಗಿಸಿಕೊಂಡು ಎಲ್ಲಿಗೋ ಹೊರಟುಹೋದ.

ನಾಲ್ಕು ದಿನ ಮನೆಯಲ್ಲಿ ಬೇಕಾದಷ್ಟೇ ಮಾತು. ಪಿಳ್ಳಮ್ಮ ಯಾರನ್ನೂ ಕಾಯಲಿಲ್ಲ. ಮರುದಿನ ಬೆಳಿಗ್ಗೆಯೇ ಐದು ಕುಂಡಗಳನ್ನು ಒಂದೊಂದಾಗಿ ಉರುಳಿಸಿಕೊಂಡು ತೋಟದ ಬಾವಿಯ ಬಳಿಗೆ ಸಾಗಿಸಿದಳು. ಸುಟ್ಟ ಎಲೆಯನ್ನೆಲ್ಲ ಬಿಡಿಸಿ ಹಾಕಿ, ಬುಡಕ್ಕೆ ತಂಪಿಗೆ ಹುಲ್ಲು ಹೊದಿಸಿದಳು. ದೊಡ್ಡಣ್ಣ ಅಲ್ಲಿಯವರೆಗೆ ಗಿಡದ ವಿಷಯಕ್ಕೆ ಬೆರಳಿಟ್ಟವನಲ್ಲ. ಅವತ್ತು ಟೊಮೇಟೊ ಬಿಡಿಸುವುದನ್ನು ಅರ್ಧಕ್ಕೆ ನಿಲ್ಲಿಸಿ, ಮೆಳೆಯಿಂದ ಬಿದಿರು ಕಡಿದು ತಂದ.

"ಎಷ್ಟುದ್ದ ಬೇಕು ಚಪ್ಪರ?"

"ಹತ್ತಡಿ ಸಾಕು."

"ಹದಿನೈದು ಹಾಕಣ. ಹಾಕೋದು ಹಾಕ್ತೀವಿ."

ಭಾನುವಾರ ಪಾಪಯ್ಯನೂ ಬಂದ. ಕೇಳದೆ ಹಾರೆ ತೆಗೆದುಕೊಂಡು ಕಂಬದ ಗುಂಡಿ ತೋಡತೊಡಗಿದ. ಮೂರನೇ ಗುಂಡಿಯಲ್ಲಿ ಹಾರೆ ಕಲ್ಲಿಗೆ ತಾಗಿ ನಿಂತಾಗ, ಬಗ್ಗಿದಂತೆಯೇ, ಅವತ್ತು ಏನೋ ಬಾಯಿಗೆ ಬಂದ್ಬುಡ್ತಮ್ಮ ಎಂದ.

"ಬಂದದ್ದಕ್ಕಲ್ಲ ಮಗ," ಎಂದಳು ಪಿಳ್ಳಮ್ಮ. "ಬರ್ಬೇಕಾದ್ದು ಬರ್ಲಿಲ್ಲ."

ಪಾಪಯ್ಯ ಅಂಗಿಯ ತೋಳಿನಲ್ಲಿ ಮುಖ ಒರೆಸಿಕೊಂಡು ಬಹಳ ಹೊತ್ತು ಆ ಕಲ್ಲನ್ನು ಮೀಟಿದ. ಕಲ್ಲು ಮೇಲೆ ಬಂದಾಗ ತಾಯಿ ಅವನಿಗೆ ಮಜ್ಜಿಗೆ ಚೆಂಬು ಕೊಟ್ಟಳು. ಆ ವಿಷಯವನ್ನು ಮತ್ತೆ ಆ ಮನೆಯಲ್ಲಿ ಯಾರೂ ಎತ್ತಲಿಲ್ಲ.

ಚಪ್ಪರ ಮುಗಿದ ಮೇಲೆ ಕೊಟ್ಟಿಗೆಯಲ್ಲಿದ್ದ ಕಸಿಯ ಜೋಡಿಯನ್ನೂ ಅಲುಗದಂತೆ ಹೊತ್ತು ತಂದು ಅದರ ಕೆಳಗಿಟ್ಟರು. ಸುಟ್ಟ ಐದು ಗಿಡಗಳು ಯುಗಾದಿ ಕಳೆದು ಎರಡು ವಾರಕ್ಕೆ ಮತ್ತೆ ಚಿಗುರಿದವು. ಮೊದಲಿನಷ್ಟು ದೊಡ್ಡ ಎಲೆಯಲ್ಲ, ಆದರೂ ಎಲೆ. ಬಚ್ಚಲು ಮುಗಿಯಿತು. ಸಿಮೆಂಟು ನೆಲ, ತಗಡಿನ ಬಾಗಿಲು. ಮುನಿರತ್ನಮ್ಮ ಮೊದಲ ದಿನ ಹಂಡೆ ತುಂಬ ನೀರು ಕಾಯಿಸಿ, ಹೊತ್ತು ಮೂಡಿದ ಮೇಲೆ ನಿಧಾನವಾಗಿ ಸ್ನಾನ ಮಾಡಿದಳು. ಆಮೇಲೆ ಅತ್ತೆಯನ್ನು ಕೂರಿಸಿ ಬೆನ್ನು ಉಜ್ಜಿದಳು.

ಮೇ ಕೊನೆಯಲ್ಲಿ ಎರಡು ಸಲ ಹದವಾಗಿ ಮಳೆಯಾಯಿತು. ಕಟ್ಟಿ ಮೂರು ತಿಂಗಳು ತುಂಬಿತ್ತು. ಪಿಳ್ಳಮ್ಮ ಮಣ್ಣು ಒಡೆದು ಸೀರೆಯಂಚು ಬಿಚ್ಚಿದಳು. ಎರಡು ಕಡ್ಡಿಗಳ ನಡುವೆ ಉಬ್ಬಿದ ಗಂಟೊಂದು ಗಟ್ಟಿಯಾಗಿ ಕೂತಿತ್ತು. ಈಗ ಜಾಲರಿಯನ್ನು ಅದರ ಸ್ವಂತ ಬುಡದಿಂದ ಕತ್ತರಿಸಬೇಕು. ಕತ್ತರಿಸಿದರೆ ಹಿಂದಕ್ಕೆ ದಾರಿಯಿಲ್ಲ. ಇನ್ನೊಂದು ತಿಂಗಳು ತಡಿ ಎಂದ ದೊಡ್ಡಣ್ಣ. ಅವಳು ಬುಡದ ಮಣ್ಣು ಕೆದಕಿ ತೋರಿಸಿದಳು. ಉಳಿದಿದ್ದ ಬೇರೂ ಕಪ್ಪಾಗುತ್ತಿತ್ತು. ಇನ್ನು ತಡೆದರೆ ಅದು ಇದನ್ನೂ ಎಳೆದುಕೊಂಡು ಹೋಗುತ್ತೆ ಎಂದವಳೇ, ಗಂಟಿನ ಕೆಳಗೆ ಚಾಕು ಇಟ್ಟು ಒಂದೇ ಎಳೆತಕ್ಕೆ ಕತ್ತರಿಸಿದಳು.

ಮೂರು ದಿನ ಜಾಲರಿ ಬಾಡಿ ನೇತುಬಿತ್ತು. ಮುನಿರತ್ನಮ್ಮ ದಿನಕ್ಕೆ ಐದಾರು ಸಲ ಬಾಯಲ್ಲಿ ನೀರು ತುಂಬಿಕೊಂಡು ಎಲೆಗಳ ಮೇಲೆ ಮಂಜಿನಂತೆ ಉಗುಳಿದಳು. ನಾಲ್ಕನೇ ದಿನ ಬೆಳಿಗ್ಗೆ ಅದು ಎಳೆಎಳೆಯಾಗಿ ಬಿಚ್ಚಿಕೊಂಡು, ಹಸಿರಂಗೈಯ ಬೇರಿನ ಮೇಲೆ ನಿಂತಿತ್ತು. ಪಿಳ್ಳಮ್ಮ ಅವತ್ತು ಹೆಸರುಬೇಳೆ ಪಾಯಸ ಮಾಡಿದಳು. ಏನು ವಿಶೇಷ ಎಂದು ಪಾಪಯ್ಯ ಕೇಳಿದಾಗ ಮುನಿರತ್ನಮ್ಮನೇ ಅವನನ್ನು ಬಾವಿಯ ಬಳಿ ಕರೆದುಕೊಂಡು ಹೋಗಿ ತೋರಿಸಿದಳು.

ವೆಂಕಟರಾಮಪ್ಪ ವ್ಯಾನು ಓಡಿಸುವವನು, ಬಾಯಿ ಸುಮ್ಮನಿರುತ್ತದೆಯೇ? ಅವನ ಮಾತು ಕೇಳಿ ಜೂನ್ ತಿಂಗಳಲ್ಲಿ ಬೇರಿಕೆ ರಸ್ತೆಯಲ್ಲಿ ನರ್ಸರಿ ಇಟ್ಟಿದ್ದ ರಾಮಕೃಷ್ಣಪ್ಪ ಎಂಬವರು ಗಿಡ ನೋಡಲು ಬಂದರು. ಚಪ್ಪರದ ಕೆಳಗೆ ಬಗ್ಗಿ, ಜಾಲರಿಯ ಗಂಟನ್ನು ಬೆರಳಿನಿಂದ ಸವರಿ, ಯಾರು ಕಟ್ಟಿದ್ದು ಎಂದು ದೊಡ್ಡಣ್ಣನನ್ನು ಕೇಳಿದರು. ದೊಡ್ಡಣ್ಣ ಹೆಂಡತಿಯ ಕಡೆ ಕೈ ತೋರಿಸಿದ. ಎಲ್ಲವನ್ನೂ ಕೊಡಿ, ಒಳ್ಳೆ ಬೆಲೆ ಕೊಡ್ತೀನಿ, ಬೆಂಗಳೂರಿನ ಬಂಗಲೆಯವರು ಇಂಥದ್ದಕ್ಕೆ ಕಾದಿದ್ದಾರೆ ಎಂದರು ಅವರು. ಅವರು ಹೇಳಿದ ಬೆಲೆ ಕೇಳಿ ಪಾಪಯ್ಯ ಹುಬ್ಬೇರಿಸಿ ತಾಯಿಯ ಕಡೆ ತಿರುಗಿದ.

ಪಿಳ್ಳಮ್ಮ ಕೊಡುವುದಿಲ್ಲವೆಂದಳು. ನಿಮ್ಮಲ್ಲಿ ಹಸಿರೆಲೆಯ ಸಸಿ ಇದೆಯಾ ಎಂದು ತಿರುಗಿ ಕೇಳಿದಳು. ಬೆಟ್ಟದ ಕಡೆಯಿಂದ ಬೀಜ ತರಿಸಿ ಎಬ್ಬಿಸಿದ ನಲವತ್ತು ಇವೆ, ಕೆಂಪು ಜಾತಿ ಮಾತ್ರ ಇಲ್ಲ ಎಂದರು ರಾಮಕೃಷ್ಣಪ್ಪ.

"ಹನ್ನೆರಡು ತಂದು ಇಲ್ಲಿ ಇಳಿಸಿ," ಎಂದಳು ಪಿಳ್ಳಮ್ಮ. "ಕೆಂಪು ನಾನು ಕಟ್ಟಿಕೊಡ್ತೀನಿ. ಕಟ್ಟಿದ್ದಕ್ಕೆ ಕೂಲಿ ಕೊಡಿ. ನಾಲ್ಕು ಹಿಡಿದ್ರೆ ಒಂದು ಗಿಡ ನಂದು. ನೀರು ನಮ್ ಬಾವೀದೇ ಹಾಕ್ಬೇಕು, ನಿಮ್ ನರ್ಸರೀದು ಬ್ಯಾಡ."

ಅವರು ಐದಕ್ಕೊಂದು ಎಂದರು. ಪಿಳ್ಳಮ್ಮ ನಾಲ್ಕೇ ಎಂದು ನಿಂತಳು. ಕಾಫಿ ಬಂತು, ಮುಗಿಯಿತು. ಹೊರಡುವಾಗ ಅವರು ನಾಲ್ಕಕ್ಕೇ ಒಪ್ಪಿದರು.

ಹನ್ನೆರಡು ಸಸಿಗಳು ಬಂದಿಳಿದವು. ದೊಡ್ಡಣ್ಣ ಕುಂಕುಮದ ಎರಡು ಗಿಡಗಳ ಸುತ್ತ, ಕೊಂಬೆಗಳ ಎತ್ತರಕ್ಕೆ ಸರಿಯಾಗಿ ಬಿದಿರಿನ ಅಟ್ಟ ಕಟ್ಟಿಕೊಟ್ಟ. ತುಂಬು ಬಸುರಿ ಮುನಿರತ್ನಮ್ಮ ಮಣೆ ಹಾಕಿಕೊಂಡು ಕೂತು, ಅತ್ತೆ ಕೆತ್ತಿದಂತೆ ತಾನೂ ಎರಡು ಕೆತ್ತಿ ಕಟ್ಟಿದಳು. ಆಗಸ್ಟಿನಲ್ಲಿ ಅವಳಿಗೆ ಹೆಣ್ಣುಮಗುವಾಯಿತು. ಬಾಣಂತಿಯ ಅಡುಗೆ, ಮಗುವಿನ ನೀರು, ಹಸುವಿನ ಮೇವು, ಟೊಮೇಟೊ ಕೆಲಸ, ಎಲ್ಲದರ ನಡುವೆಯೂ ಸಂಜೆ ನಾಲ್ಕು ಬಿಂದಿಗೆ ನೀರು ಚಪ್ಪರಕ್ಕೆ ಹೋಗುತ್ತಿತ್ತು. ಮಗು ಹುಟ್ಟಿದ ಮೇಲೆ ಆ ಬಿಂದಿಗೆ ಹೊರುವುದು ಪಾಪಯ್ಯನ ಪಾಲಿಗೆ ಬಂತು. ಅವನು ಸಿಡುಕಿದ, ಗೊಣಗಿದ, ಆದರೆ ಹೊತ್ತ.

ಸೆಪ್ಟೆಂಬರ್ ಕೊನೆಯ ಭಾನುವಾರ ಪಿಳ್ಳಮ್ಮ ಕಟ್ಟುಗಳನ್ನು ಬಿಚ್ಚಿದಳು. ಒಂಬತ್ತು ಹಿಡಿದಿದ್ದವು. ಮುನಿರತ್ನಮ್ಮ ಕಟ್ಟಿದ್ದ ಎರಡರಲ್ಲಿ ಒಂದೂ ಅದರಲ್ಲಿತ್ತು. ಇನ್ನು ಮೂರರಲ್ಲಿ ಗಾಯ ಒಣಗಿ, ಬಟ್ಟೆ ಬಿಚ್ಚಿದೊಡನೆ ಕಡ್ಡಿ ಬೇರೆ, ಸಸಿ ಬೇರೆಯಾಗಿ ನಿಂತವು. ಪಾಪಯ್ಯ ಬಿಂದಿಗೆ ಇಳಿಸಿ ಆ ಮೂರನ್ನು ನೋಡಿದ. ಇಷ್ಟು ದಿನದ ನೀರು ದಂಡವಾಯಿತಲ್ಲ ಎಂಬ ಸಂಕಟ ಅವನ ಮುಖದಲ್ಲಿತ್ತು.

"ಮೂರು ಸತ್ತೋದ್ವಲ್ಲಮ್ಮ. ಅವ್ರಿಗೆ ಏನಂತ ಹೇಳ್ತೀಯ?"

ಪಿಳ್ಳಮ್ಮ ಮೊದಲನೇ ಸಸಿಯನ್ನು ತಿರುಗಿಸಿ, ಹಳೆಯ ಗಾಯ ಬಿಟ್ಟು, ಇನ್ನೊಂದು ಮಗ್ಗುಲಿನ ಸಿಪ್ಪೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದಳು.

"ಸತ್ತಿಲ್ಲ. ಹಿಡಿದಿಲ್ಲ, ಅಷ್ಟೆ. ಆ ಚಾಕು ಕೊಡು ಇಲ್ಲಿ."

ಪಾಪಯ್ಯ ಚಾಕುವನ್ನು ತನ್ನ ಕಾಕಿ ಪ್ಯಾಂಟಿಗೆ ಎರಡು ಸಲ ಒರೆಸಿ ಕೊಟ್ಟ. ಆಮೇಲೆ ತಾನೂ ಕುಕ್ಕರಗಾಲಲ್ಲಿ ಕೂತು, ಎಲ್ಲಿ ಹಿಡಿಯಬೇಕೆಂದು ಕೇಳಿದ.